ಪುಟ್ಮಲ್ಲಿ, ಗುಲಾಬಿ, ಪುಟ್ಟಕ್ಕ

1995ರಲ್ಲಿ ‘ಪುಟ್ನಂಜ’ ತೆರೆಗೆ ಬಂದಾಗ ನಾಯಕ ರವಿಚಂದ್ರನ್ ಅವರಿಗೆ 34 ವರ್ಷ. ಅವರ ಅಜ್ಜಿ ಪುಟ್ಮಲ್ಲಿಗೆ 38.

ಅಚ್ಚಿನ ದೋಷವಲ್ಲ, ಲೆಕ್ಕ ಸರಿಯಾಗಿಯೇ ಇದೆ. ಅಕ್ಕನಾಗಬಹುದಾದ ವಯಸ್ಸಿನ ಉಮಾಶ್ರೀ ತಲೆಗೆ ನರೆ ಬಳಿದುಕೊಂಡು, ದನಿ ಒರಟು ಮಾಡಿಕೊಂಡು ಅಜ್ಜಿಯಾಗಿ ನಿಂತರು. ಥಿಯೇಟರಿನಲ್ಲಿ ಕೂತವರಿಗೆ ಅನುಮಾನ ಬರಲಿಲ್ಲ. ನಮ್ಮ ಬೀದಿಯಲ್ಲಿ ಬಾಯಿಜೋರಿನ ಅಜ್ಜಿಯೊಬ್ಬರಿಗೆ ‘ಪುಟ್ಮಲ್ಲಿ’ ಅನ್ನುವ ಹೆಸರು ಅಂಟಿಕೊಂಡಿದ್ದು ಆಗಲೇ. ಅವರು ಸಾಯುವ ತನಕವೂ ಅದು ಬಿಡಲಿಲ್ಲ. ಆ ಸಿನಿಮಾದ ಹಾಡು ಮರೆತವರಿಗೂ ಅಜ್ಜಿ ನೆನಪಿದ್ದಾಳೆ. ರವಿಚಂದ್ರನ್ ಸಿನಿಮಾದಲ್ಲಿ ನಾಯಕಿಯನ್ನು, ಹಾಡನ್ನು, ಹೂವಿನ ರಾಶಿಯನ್ನು ದಾಟಿ ಒಬ್ಬ ಮುದುಕಿ ನೆನಪಿನಲ್ಲಿ ಉಳಿಯುವುದೆಂದರೆ ಸಣ್ಣ ಮಾತಲ್ಲ.

ಉಮಾಶ್ರೀ ಅವರಿಗೆ ನಮ್ಮ ಚಿತ್ರರಂಗ ಯೌವನವನ್ನು ಕೊಡಲೇ ಇಲ್ಲ. ಕೊಟ್ಟಿದ್ದು ಎರಡೇ ವೇಷ. ಒಂದು, ಸೆರಗು ಜಾರಿಸಿ ನಗಿಸುವ ಹೆಂಗಸು, ಇನ್ನೊಂದು, ಮುದುಕಿ. ಮೂವತ್ತರ ಆಸುಪಾಸಿನ ನಟಿಯೊಬ್ಬಳಿಗೆ ಇವೆರಡರ ನಡುವೆ ನಿಲ್ಲಲು ಜಾಗವೇ ಇರಲಿಲ್ಲ. ಮುನ್ನೂರಕ್ಕೂ ಹೆಚ್ಚು ಚಿತ್ರಗಳ ಅವರ ದಾರಿಯನ್ನು ಹಿಂತಿರುಗಿ ನೋಡಿದರೆ ನನಗೆ ಕಾಣುವುದು ಇಷ್ಟು: ಆಕೆಯ ನಟನೆ ಮೊದಲಿಂದಲೂ ಅಷ್ಟೇ ಇತ್ತು, ಕ್ಯಾಮೆರಾ ಆಕೆಯ ಮುಖದ ಮೇಲೆ ನಿಂತ ಹೊತ್ತು ಮಾತ್ರ ಬದಲಾಗುತ್ತಾ ಹೋಯಿತು.

ಹುಟ್ಟಿದ್ದು 1957ರ ಮೇ 10ರಂದು, ತುಮಕೂರು ಜಿಲ್ಲೆ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ. ತೆಂಗು, ಕೊಬ್ಬರಿ, ರಾಗಿಯ ಸೀಮೆ. ಬಡತನದ ಬಾಲ್ಯ, ಬೇಗ ಆದ ಮದುವೆ, ಅದು ಮುರಿದ ಮೇಲೆ ಎರಡು ಮಕ್ಕಳನ್ನು ಕಟ್ಟಿಕೊಂಡು ಒಬ್ಬಂಟಿಯಾಗಿ ಬೆಂಗಳೂರಿನಲ್ಲಿ ಬದುಕು. ಇದನ್ನೆಲ್ಲ ಅವರೇ ಎಷ್ಟೋ ವೇದಿಕೆಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಕಣ್ಣೀರಿನ ಕತೆಯಾಗಿ ಅದನ್ನು ಇಲ್ಲಿ ಮತ್ತೆ ಹಿಗ್ಗಿಸುವ ಮನಸ್ಸು ನನಗಿಲ್ಲ. ಅವರ ಮುಂದಿನ ಆಯ್ಕೆಗಳು ಅರ್ಥವಾಗಬೇಕಾದರೆ ಒಂದು ಸಂಗತಿ ಗೊತ್ತಿದ್ದರೆ ಸಾಕು: ತಿಂಗಳ ಕೊನೆಗೆ ಮನೆ ಬಾಡಿಗೆ ಕಟ್ಟಬೇಕಾಗಿದ್ದ ನಟಿ ಅವರು.

ಹವ್ಯಾಸಿ ರಂಗಭೂಮಿ ಹೆಸರು ಕೊಡುತ್ತದೆ. ಬಸ್ ಚಾರ್ಜು ಕೊಟ್ಟರೆ ಹೆಚ್ಚು. ಬೆಂಗಳೂರಿನ ರಂಗಭೂಮಿ ಆಗ ಕುದಿಯುತ್ತಿತ್ತು. ಸಂಜೆ ಆಫೀಸು ಮುಗಿಸಿ ಬಂದ ಗುಮಾಸ್ತರು, ಬ್ಯಾಂಕಿನವರು, ಮೇಷ್ಟ್ರುಗಳು ರಾತ್ರಿ ಹತ್ತರವರೆಗೆ ತಾಲೀಮು ನಡೆಸಿ ಕೊನೆಯ ಬಸ್ಸು ಹಿಡಿಯುತ್ತಿದ್ದ ಕಾಲ. ಅವರಿಗೆ ಬೆಳಿಗ್ಗೆ ಹೋಗಲು ಕೆಲಸವಿತ್ತು. ನಾಟಕವನ್ನೇ ನೆಚ್ಚಿಕೊಂಡ ಹೆಣ್ಣುಮಕ್ಕಳಿಗೆ ಅದಿರಲಿಲ್ಲ. ಆ ಲೋಕದಲ್ಲೇ ಉಮಾಶ್ರೀ ಅವರಿಗೆ ಸಿಕ್ಕಿದ್ದು ಸಾಕವ್ವ.

ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದರು. ರಂಗದವರ ಬಾಯಲ್ಲಿ ಸಿಜಿಕೆ. ಕಾಲೇಜಿನಲ್ಲಿ ಅವರು ಪಾಠ ಹೇಳುತ್ತಿದ್ದುದು ಅರ್ಥಶಾಸ್ತ್ರ. ಕಳೆದುಹೋದ ಹುಂಜವನ್ನು ಹುಡುಕಿಕೊಂಡು ಕೇರಿ ಸುತ್ತುವ, ಸಿಕ್ಕವರಿಗೆಲ್ಲ ಶಾಪ ಹಾಕುವ, ಮಕ್ಕಳೊಡನೆ ಮುನಿಯುವ, ಮೊಮ್ಮಗನೊಡನೆ ಕರಗುವ ಮುದುಕಿ ಸಾಕವ್ವ. ಅವಳ ಮನೆಯವರೆಲ್ಲ ಒಂದು ರಾತ್ರಿ ಒಲೆಯ ಸುತ್ತ ಕೂತು ಕಡಲೆಕಾಯಿ ತಿನ್ನುವ ಭಾಗ ಕನ್ನಡ ಓದಿದವರಿಗೆಲ್ಲ ಗೊತ್ತು. ಹಸಿದ ಮನೆಯೊಂದು ಹೊಟ್ಟೆತುಂಬ ತಿನ್ನುವ ಆ ಹಿಗ್ಗನ್ನು ಪುಟದಿಂದ ರಂಗದ ಮೇಲೆ ತರಲು ನಟಿಗೆ ಅಳು ಬಂದರೆ ಸಾಲದು, ನಗುವೂ ಬೈಗುಳವೂ ಅಷ್ಟೇ ಸಲೀಸಾಗಿ ಬಾಯಿಗೆ ಬರಬೇಕು. ಉಮಾಶ್ರೀ ಅವರ ಸಾಕವ್ವನನ್ನು ನೋಡಿದವರು ಇವತ್ತಿಗೂ ಅದರ ಮಾತು ಬಂದರೆ ಕೂತ ಜಾಗದಲ್ಲೇ ಆ ಮುದುಕಿಯ ನಡಿಗೆಯನ್ನು ಕೈಸನ್ನೆಯಲ್ಲಿ ಮಾಡಿ ತೋರಿಸುತ್ತಾರೆ. ತಲೆಗೂದಲು ಕಪ್ಪಗಿದ್ದ ವಯಸ್ಸಿನ ನಟಿ ಅದನ್ನು ಕಟ್ಟಿದ್ದು. ಪುಟ್ಮಲ್ಲಿಯ ನಡುವಿಗೆ ಬಲ ಬಂದದ್ದು ಇಂಥ ಮುದುಕಿಯರ ಸಹವಾಸದಿಂದಲೇ ಎಂದು ನಾನು ನಂಬಿದ್ದೇನೆ.

ಸಿನಿಮಾದಲ್ಲಿ ಅವರಿಗೆ ಹೆಸರು ತಂದದ್ದು ಬೇರೆಯದೇ ಸಂಗತಿ. 1984ರಲ್ಲಿ ಬಂದ ಕಾಶೀನಾಥ್ ಅವರ ‘ಅನುಭವ’. ಹಳ್ಳಿಯ ಹುಡುಗನೊಬ್ಬನ ಮದುವೆ, ಕಾಮದ ಅರಿವು, ಗೊಂದಲ ಇವುಗಳನ್ನು ಆ ಕಾಲಕ್ಕೆ ಯಾರೂ ಎತ್ತದ ದನಿಯಲ್ಲಿ ಎತ್ತಿದ ಚಿತ್ರ. ಅದರಲ್ಲಿ ಉಮಾಶ್ರೀ ಮಾಡಿದ ಪಾತ್ರಕ್ಕೆ ಗಂಡೆದೆ ಬೇಕಿತ್ತು ಅನ್ನುವುದು ನಮ್ಮಲ್ಲಿ ರೂಢಿಯ ಮಾತು. ಗಂಡೆದೆ ಇದ್ದವರು ಯಾರೂ ಅಂಥ ಪಾತ್ರ ಮಾಡಿದ್ದನ್ನು ನಾನು ಕಂಡಿಲ್ಲ, ಆ ಮಾತು ಬೇರೆ. ಚಿತ್ರ ಓಡಿತು, ಕಾಶೀನಾಥ್ ಅದನ್ನು ಹಿಂದಿಯಲ್ಲೂ ಮಾಡಿದರು. ಉಮಾಶ್ರೀ ಅವರ ಹಣೆಗೆ ಮಾತ್ರ ಒಂದು ಮುದ್ರೆ ಬಿತ್ತು.

ಆ ಮುದ್ರೆಯ ಹಿಂದೆ ಒಂದು ವ್ಯವಹಾರವಿತ್ತು. ಎಂಬತ್ತು, ತೊಂಬತ್ತರ ದಶಕದ ಕನ್ನಡ ಸಿನಿಮಾಗಳಲ್ಲಿ ‘ಕಾಮಿಡಿ ಟ್ರ್ಯಾಕ್’ ಅನ್ನುವುದು ಮುಖ್ಯ ಕತೆಗೆ ಹೊರಗಿನಿಂದ ಹೊಲಿದ ತೇಪೆ. ನಾಯಕ ನಾಯಕಿ ಊಟಿಯಲ್ಲೋ ಮಡಿಕೇರಿಯಲ್ಲೋ ಹಾಡುತ್ತಿದ್ದರೆ, ಇತ್ತ ಬೆಂಗಳೂರಿನ ಹೊರವಲಯದ ಮನೆಯೊಂದರಲ್ಲಿ ಎರಡು ಮೂರು ದಿನದ ಕಾಲ್‌ಶೀಟಿನಲ್ಲಿ ಹಾಸ್ಯ ಕಲಾವಿದರ ದೃಶ್ಯಗಳೆಲ್ಲ ಮುಗಿಯುತ್ತಿದ್ದವು. ಎಷ್ಟೋ ಚಿತ್ರಗಳಲ್ಲಿ ಹಾಸ್ಯದವರು ನಾಯಕನ ಮುಖ ಕೂಡ ನೋಡಿರುತ್ತಿರಲಿಲ್ಲ. ರೀಲಿನ ನಡುವೆ ಎರಡು ನಿಮಿಷ ಬಂದು, ಒಂದು ದ್ವಂದ್ವಾರ್ಥದ ಮಾತು ಎಸೆದು, ಗಾಂಧಿ ಕ್ಲಾಸಿನಿಂದ ಶಿಳ್ಳೆ ಎತ್ತಿಸಿ ಹೋಗಬೇಕು. ಕೆಲಸ ಅಷ್ಟೇ. ಎನ್.ಎಸ್. ರಾವ್ ಅವರೊಂದಿಗೆ ಉಮಾಶ್ರೀ ಇದ್ದಾರೆಂದರೆ ಪ್ರೇಕ್ಷಕ ಮೊದಲೇ ನಗಲು ಸಿದ್ಧನಾಗಿ ಕೂರುತ್ತಿದ್ದ.

ಆ ದೃಶ್ಯಗಳಲ್ಲಿ ಕೆಲವನ್ನು ಈಗ ಮನೆಮಂದಿಯ ನಡುವೆ ಕೂತು ನೋಡುವುದು ಕಷ್ಟ. ಒಳ್ಳೆಯ ನಟಿ ಇದ್ದಳೆಂದು ಕೆಟ್ಟ ಹಾಸ್ಯ ಒಳ್ಳೆಯದಾಗುವುದಿಲ್ಲ. ಆದರೆ ಒಂದನ್ನು ಗಮನಿಸಬೇಕು. ಅದೇ ಮಾತನ್ನು ಎದುರಿಗೆ ನಿಂತು ಆಡಿದ ಗಂಡಸು ‘ಹಾಸ್ಯನಟ’ ಎನ್ನಿಸಿಕೊಂಡು ಮನೆಗೆ ಹೋದ. ಕೇಳಿಸಿಕೊಂಡು ಕಣ್ಣರಳಿಸಿದ ಹೆಂಗಸಿಗೆ ಮಾತ್ರ ‘ಅಂಥ ಪಾತ್ರದವಳು’ ಅನ್ನುವ ಹೆಸರು. ಬರೆದವನ ಹೆಸರನ್ನಂತೂ ಯಾರೂ ಕೇಳಲಿಲ್ಲ.

ಈಗ ಯೂಟ್ಯೂಬಿನಲ್ಲಿ ಆ ತುಣುಕುಗಳು ಮತ್ತೆ ಓಡಾಡುತ್ತಿವೆ. ದನಿ ಆರಿಸಿ ನೋಡಿ. ಮಾತಿನ ಕೊಳಕು ಹೊರಟುಹೋಗುತ್ತದೆ, ಉಳಿಯುವುದು ಸಮಯಪ್ರಜ್ಞೆ. ಎದುರಿನವನ ಮಾತು ಮುಗಿಯುವ ಅರೆಗಳಿಗೆ ಮುಂಚೆ ಕತ್ತು ತಿರುಗುತ್ತದೆ, ಸೆರಗಿನ ತುದಿಗೆ ಕೈ ಹೋಗುತ್ತದೆ, ಹುಬ್ಬು ಏರುತ್ತದೆ. ನಗು ಎಲ್ಲಿ ಬೀಳಬೇಕೆಂದು ಗೊತ್ತಿದ್ದು, ಅಲ್ಲಿಯವರೆಗೆ ಪ್ರೇಕ್ಷಕನನ್ನು ಕಾಯಿಸುವ ತಾಳ್ಮೆ. ನಾಟಕದವರು ಇದನ್ನು ತಾಲೀಮಿನಲ್ಲಿ ಗಳಿಸುತ್ತಾರೆ. ಸಿನಿಮಾದವರು ಎರಡೇ ನಿಮಿಷಕ್ಕೆ ಅದನ್ನು ಬಾಡಿಗೆಗೆ ತೆಗೆದುಕೊಂಡರು.

ಎರಡು ಗಂಟೆ ಪೂರ್ತಿ ಅದನ್ನು ಕೇಳಿದವರು ಗಿರೀಶ್ ಕಾಸರವಳ್ಳಿ.

‘ಗುಲಾಬಿ ಟಾಕೀಸ್’ ವೈದೇಹಿ ಅವರ ಕತೆಯಿಂದ ಹುಟ್ಟಿದ್ದು. ಕತೆಯಲ್ಲಿ ಊರಿಗೆ ಬರುವುದು ಟಾಕೀಸು. ಕಾಸರವಳ್ಳಿ ಸಿನಿಮಾ ಮಾಡುವ ಹೊತ್ತಿಗೆ ಊರೂರಿಗೆ ಬಂದಿದ್ದುದು ಡಿಶ್ ಆಂಟೆನಾ. ಹಾಗಾಗಿ ಅವರು ಕತೆಯನ್ನು ಕುಂದಾಪುರದ ಕಡೆಯ ಮೀನುಗಾರರ ಕುದ್ರುವಿಗೆ, ಅಂದರೆ ನಡುಗಡ್ಡೆಗೆ, ಕಾರ್ಗಿಲ್ ಯುದ್ಧದ ಕಾಲಕ್ಕೆ ತಂದು ನಿಲ್ಲಿಸಿದರು. ಗುಲಾಬಿ ಅಲ್ಲಿನ ಸೂಲಗಿತ್ತಿ, ಮುಸ್ಲಿಂ ಹೆಂಗಸು. ಗಂಡ ಮೂಸಾ ಇನ್ನೊಬ್ಬಳನ್ನು ಕಟ್ಟಿಕೊಂಡು ಬೇರೆ ಇದ್ದಾನೆ. ಗುಲಾಬಿಗೆ ಸಿನಿಮಾ ಹುಚ್ಚು. ಪೇಟೆಯ ಟಾಕೀಸಿಗೆ ಹೊರಟವಳನ್ನು ಹೆರಿಗೆಗೆ ಒಪ್ಪಿಸಿ ಕರೆದೊಯ್ದವರು ಉಡುಗೊರೆಯಾಗಿ ಕೊಡುವುದು ಒಂದು ಕಲರ್ ಟಿವಿ, ಜೊತೆಗೆ ಡಿಶ್. ಗಂಡಸರು ದೋಣಿ ಹತ್ತಿ ಕಡಲಿಗೆ ಇಳಿಯುತ್ತಿದ್ದಂತೆ ಕುದ್ರುವಿನ ಹೆಂಗಸರು ಅವಳ ಗುಡಿಸಿಲಿಗೆ ಬರುತ್ತಾರೆ. ಕೆಲವರು ಒಳಗೆ ಕೂರುತ್ತಾರೆ. ಸಾಬರ ಮನೆಯೆಂದು ಹೊಸ್ತಿಲು ದಾಟದ ಕೆಲವರು ಹೊರಗೆ ನಿಂತೇ ನೋಡುತ್ತಾರೆ.

ಚಿತ್ರದ ತಾಕತ್ತು ಇರುವುದು ಆ ಒಳಗೆ ಹೊರಗೆ ಅನ್ನುವ ಗೆರೆಯಲ್ಲಿ. ಟಿವಿಯಲ್ಲಿ ಧಾರಾವಾಹಿ ಓಡುತ್ತಿರುತ್ತದೆ, ಯುದ್ಧದ ಸುದ್ದಿಯೂ ಬರುತ್ತದೆ. ದೂರದ ಗಡಿಯ ಗುಂಡಿನ ಸದ್ದು ಕುದ್ರುವಿನ ಮನೆಮನೆಯ ನಡುವೆ ಗಡಿ ಎಳೆಯುತ್ತದೆ. ದೊಡ್ಡ ಯಾಂತ್ರಿಕ ದೋಣಿಗಳ ಮಾಲೀಕರಿಗೂ ಸಣ್ಣ ಮೀನುಗಾರರಿಗೂ ಇದ್ದ ಹೊಟ್ಟೆಪಾಡಿನ ಜಗಳಕ್ಕೆ ಧರ್ಮದ ಬಣ್ಣ ಹತ್ತುತ್ತದೆ. ಗುಲಾಬಿಯ ಮನೆಗೆ ಬಂದು ಹೋಗುತ್ತಿದ್ದ ನೇತ್ರು ಎಂಬ ಹುಡುಗಿ ಕಾಣೆಯಾದಾಗ ಬೆರಳುಗಳೆಲ್ಲ ಇವಳ ಕಡೆ ತಿರುಗುತ್ತವೆ. ನೇತ್ರುವಾಗಿ ಎಂ.ಡಿ. ಪಲ್ಲವಿ ಇದ್ದಾರೆ, ಅವರಿಬ್ಬರೂ ಟಿವಿಯ ಮುಂದೆ ಕೂತು ಹರಟುವ ಭಾಗಗಳು ಕನ್ನಡ ಸಿನಿಮಾದಲ್ಲಿ ಇಬ್ಬರು ಹೆಂಗಸರು ತಮ್ಮಷ್ಟಕ್ಕೆ ಮಾತಾಡಿಕೊಂಡ ಅಪರೂಪದ ಗಳಿಗೆಗಳು.

ಉಮಾಶ್ರೀ ಇಲ್ಲಿ ಹೊಸದಾಗಿ ಕಲಿತದ್ದು ಕುಂದಾಪುರದ ಕನ್ನಡ. ನೊಣವಿನಕೆರೆಯ ನಾಲಿಗೆಗೆ ಅದು ಹೊರಳುವುದು ಸುಲಭವಲ್ಲ, ಕರಾವಳಿಯವರು ಒಂದೆರಡು ಕಡೆ ತಪ್ಪು ಹುಡುಕಿಯಾರು. ಉಳಿದದ್ದೆಲ್ಲ ಹಳೆಯ ಸಾಮಾನೇ. ಕಾಮಿಡಿ ಟ್ರ್ಯಾಕಿನ ಅದೇ ಕಣ್ಣರಳಿಸುವಿಕೆ, ಅದೇ ಕತ್ತಿನ ಹೊರಳು. ಮುಂಚೆ ಅದು ಬಂದೊಡನೆ ಕಟ್ ಆಗುತ್ತಿತ್ತು. ಎಸ್. ರಾಮಚಂದ್ರ ಅವರ ಕ್ಯಾಮೆರಾ ಕಟ್ ಮಾಡದೆ ಕಾದು ನಿಂತಿತು. ಟಿವಿಯ ಬೆಳಕು ಮುಖದ ಮೇಲೆ ಆಡುತ್ತಿರುವಾಗ ಅರಳಿದ ಆ ಕಣ್ಣುಗಳು ಮೆಲ್ಲಗೆ ಪರದೆಯಿಂದ ಸರಿದು ಪಕ್ಕದಲ್ಲಿ ಕೂತ ಹೆಂಗಸರ ಮೇಲೆ ಹೋಗುತ್ತವೆ. ತನ್ನ ಮನೆಯೂ ನಾಲ್ಕು ಜನ ಬಂದು ಕೂರುವ ಮನೆಯಾಯಿತು ಅನ್ನುವ ಹೆಮ್ಮೆ, ಇವರು ನಾಳೆಯೂ ಬರುತ್ತಾರೋ ಇಲ್ಲವೋ ಅನ್ನುವ ಅಳುಕು ಎರಡೂ ಅಲ್ಲಿವೆ, ಮಾತಿಲ್ಲ. ಕೊನೆಗೆ ಊರು ಬಿಡಲು ಒಪ್ಪದ ಗುಲಾಬಿಯನ್ನು ಬಲವಂತವಾಗಿ ದೋಣಿ ಹತ್ತಿಸುತ್ತಾರೆ. ಅದುವರೆಗೆ ಅವಳ ಹೊಸ್ತಿಲು ತುಳಿಯದ ಇಬ್ಬರು ಮುದುಕಿಯರು ಆಮೇಲೆ ಟಿವಿ ನೋಡಲೆಂದು ಆ ಮನೆಯೊಳಕ್ಕೆ ಹೋಗುತ್ತಾರೆ.

2007ರ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ ಅವರು ಶ್ರೇಷ್ಠ ನಟಿ. ಕನ್ನಡ ಚಿತ್ರಕ್ಕೆ ಆ ಗೌರವ ಬಂದದ್ದು ಅದಕ್ಕೂ ಮುಂಚೆ ಎರಡೇ ಸಲ: 1973ರ ‘ಕಾಡು’ ಚಿತ್ರಕ್ಕೆ ನಂದಿನಿ ಭಕ್ತವತ್ಸಲ ಅವರಿಗೆ, 2004ರ ‘ಹಸೀನಾ’ಕ್ಕೆ ತಾರಾ ಅವರಿಗೆ. ‘ಹಸೀನಾ’ ಕೂಡ ಕಾಸರವಳ್ಳಿ ಅವರದೇ, ಅದರ ಮೂಲ ಬಾನು ಮುಷ್ತಾಕ್ ಅವರ ಕತೆ. ಲೇಖಕಿಯರು ಬರೆದ ಎರಡು ಕತೆಗಳಿಂದ ಬಂದ ಎರಡು ಮುಸ್ಲಿಂ ಹೆಣ್ಣುಪಾತ್ರಗಳು ಎರಡು ರಾಷ್ಟ್ರಪ್ರಶಸ್ತಿ ತಂದವು. ನಮ್ಮ ನಟಿಯರಲ್ಲಿ ಕಸುವಿಲ್ಲ ಎನ್ನುವವರು ಬರೆಯುವವರ ಕಡೆ ಒಮ್ಮೆ ನೋಡುವುದು ಒಳ್ಳೆಯದು.

ಇಂಥ ಪ್ರಶಸ್ತಿಯ ಬೆನ್ನಿಗೇ ಬೇರೆ ಭಾಷೆಯ ನಟಿಗೆ ಹತ್ತು ಒಳ್ಳೆಯ ಪಾತ್ರಗಳು ಬರುತ್ತಿದ್ದವೇನೋ. ಇವರಿಗೆ ಬಂದದ್ದು ಚುನಾವಣೆ. ‘ಗುಲಾಬಿ ಟಾಕೀಸ್’ ತೆರೆಗೆ ಬಂದ 2008ರಲ್ಲೇ ಕಾಂಗ್ರೆಸ್ಸಿನಿಂದ ಬಾಗಲಕೋಟೆ ಜಿಲ್ಲೆಯ ತೇರದಾಳ ಕ್ಷೇತ್ರಕ್ಕೆ ನಿಂತು ಸೋತಿದ್ದರು. 2013ರಲ್ಲಿ ಅಲ್ಲೇ ಗೆದ್ದರು. ರಬಕವಿ, ಬನಹಟ್ಟಿಯಂಥ ಮಗ್ಗದ ಊರುಗಳಿರುವ ಕ್ಷೇತ್ರ ಅದು. ತುಮಕೂರಿನ ಕಡೆಯವರೊಬ್ಬರು ಅಲ್ಲಿ ಹೋಗಿ ಬೇರೂರುವುದು ಸುಲಭದ ಕೆಲಸವಲ್ಲ. ಸಿದ್ದರಾಮಯ್ಯ ಅವರ ಮೊದಲ ಸಂಪುಟ ರಚನೆಯಾದಾಗ ಇದ್ದ ಒಬ್ಬರೇ ಮಹಿಳಾ ಸಚಿವೆ ಅವರು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಅದರೊಂದಿಗೆ ಕನ್ನಡ ಮತ್ತು ಸಂಸ್ಕೃತಿ. ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನ ಬಿಸಿಯೂಟ ಕೊಡುವ ‘ಮಾತೃಪೂರ್ಣ’ 2017ರಲ್ಲಿ ಶುರುವಾದದ್ದು ಅವರ ಇಲಾಖೆಯಿಂದ. ತುಂಬು ಗರ್ಭಿಣಿ ಮಲೆನಾಡಿನ ಏರುದಾರಿಯಲ್ಲಿ ಊಟಕ್ಕೆಂದು ಅಂಗನವಾಡಿಯವರೆಗೆ ನಡೆಯಬೇಕೇ ಅನ್ನುವ ತಕರಾರು ಎದ್ದಿತು, ತಕರಾರಿನಲ್ಲಿ ಹುರುಳೂ ಇತ್ತು. 2018ರಲ್ಲಿ ಮತ್ತೆ ಸೋಲು. 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣ. ರಾಜಕಾರಣಿ ಉಮಾಶ್ರೀ ಅವರ ಲೆಕ್ಕಪತ್ರ ತೆಗೆಯಲು ಬೇರೆ ಲೇಖನ ಬೇಕು, ಅದನ್ನು ಬರೆಯಬೇಕಾದವರೂ ಬೇರೆ. ನನಗೆ ಕುತೂಹಲ ಆ ಸೋಲಿನ ಆಚೆ ಅವರು ಎಲ್ಲಿಗೆ ಹೋದರು ಎಂಬುದರಲ್ಲಿ.

ಹೋದದ್ದು ಟಿವಿಗೆ. 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ‘ಪುಟ್ಟಕ್ಕನ ಮಕ್ಕಳು’ ಶುರುವಾಯಿತು. ನಿರ್ದೇಶನ ಆರೂರು ಜಗದೀಶ್ ಅವರದು. ಗಂಡುಮಗು ಹೆರಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಪುಟ್ಟಕ್ಕ ಮೂರು ಹೆಣ್ಣುಮಕ್ಕಳನ್ನು ಮಡಿಲಿಗೆ ಹಾಕಿಕೊಂಡು ಮೆಸ್ ನಡೆಸುತ್ತಾಳೆ. ಮಕ್ಕಳ ಹೆಸರು ಸಹನಾ, ಸ್ನೇಹಾ, ಸುಮಾ. ಬೀದಿಗೆ ಬಿದ್ದ ತಾಯಿ ಮಕ್ಕಳನ್ನು ಓದಿಸಿ ಮೇಲೆ ತರುವ ಕತೆಗೆ ಕನ್ನಡದಲ್ಲಿ ಬರವಿಲ್ಲ. ಹಾಗಿದ್ದೂ ಮೊದಲ ವಾರದಿಂದಲೇ ಧಾರಾವಾಹಿ ಟಿಆರ್‌ಪಿ ಪಟ್ಟಿಯ ತುದಿಗೆ ಏರಿ ಕೂತಿತು. ಸಂಜೆ ಏಳೂವರೆಗೆ ಓಣಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ಅದರ ಟೈಟಲ್ ಹಾಡು ಒಂದು ಮನೆಯಿಂದ ಇನ್ನೊಂದಕ್ಕೆ ಕೈದಾಟಿಕೊಂಡು ಬರುತ್ತಿತ್ತು.

ಮಹತ್ವದ ಸಂಗತಿ ಎಂದರೆ ಧಾರಾವಾಹಿಯ ನಡುವೆ ನಿಂತವಳು ಅರವತ್ತು ದಾಟಿದ ನಟಿ. ನಾಯಕಿ ಇಪ್ಪತ್ತೆರಡರ ಹುಡುಗಿಯಾಗಿರಬೇಕು, ಅತ್ತೆಗೆ ರೇಷ್ಮೆ ಸೀರೆ ಮತ್ತು ಸಂಚು ಎರಡೂ ಇರಬೇಕು ಎಂದು ನಂಬಿದ್ದ ಮಾಧ್ಯಮದಲ್ಲಿ ಹತ್ತಿಯ ಸೀರೆ ಉಟ್ಟು, ಕೈಯಲ್ಲಿ ಸೌಟು ಹಿಡಿದ ಹೆಂಗಸಿನ ಹೆಸರನ್ನೇ ಧಾರಾವಾಹಿಗೆ ಇಟ್ಟರು. 38ಕ್ಕೆ ಅಜ್ಜಿ ಮಾಡಿದ್ದ ಉದ್ಯಮದಲ್ಲಿ 64ಕ್ಕೆ ಆಕೆ ಶಾಲೆಗೆ ಹೋಗುವ ಮಗಳ ತಾಯಿಯಾದರು.

ಧಾರಾವಾಹಿಯ ನಟನೆಯನ್ನು ಹಗುರವಾಗಿ ಕಾಣುವುದು ನಮ್ಮ ಬರಹಗಾರರಲ್ಲಿ ಒಂದು ಚಾಳಿ. ಅಲ್ಲಿನ ಕೆಲಸದ ಲೆಕ್ಕ ಗೊತ್ತಿದ್ದರೆ ಹಾಗೆ ಅನ್ನುವುದಿಲ್ಲ. ಬೆಳಿಗ್ಗೆ ಸೆಟ್ಟಿಗೆ ಹೋದರೆ ದೀಪ ಹಚ್ಚುವ ಹೊತ್ತು ದಾಟುತ್ತದೆ. ಕೆಲವೊಮ್ಮೆ ಸಂಭಾಷಣೆಯ ಹಾಳೆ ಕೈಗೆ ಬರುವುದು ಮೇಕಪ್ ಕುರ್ಚಿಯಲ್ಲಿ ಕೂತಾಗ. ಕ್ಯಾಮೆರಾದ ಪಕ್ಕದಿಂದ ಸಹಾಯಕರು ಸಾಲು ಸಾಲಾಗಿ ಪ್ರಾಂಪ್ಟ್ ಮಾಡುತ್ತಾರೆ, ಕಲಾವಿದರು ಕೇಳಿಸಿಕೊಂಡ ಗುರುತು ಮುಖದ ಮೇಲೆ ಕಾಣದಂತೆ ಅದನ್ನು ಒಪ್ಪಿಸಬೇಕು. ನಾಳಿನ ಎಪಿಸೋಡಿನ ಅಳುವನ್ನು ಇವತ್ತು ಅತ್ತು, ಊಟದ ನಂತರ ಮೊನ್ನೆಯ ಎಪಿಸೋಡಿಗೆ ಉಳಿದಿದ್ದ ನಗುವನ್ನು ನಗಬೇಕು. ಗುರುವಾರ ರೇಟಿಂಗ್ ಬಂದ ಮೇಲೆ ಕತೆಯ ದಿಕ್ಕೇ ಬದಲಾಗಬಹುದು. ಈ ಧಾರಾವಾಹಿಯಲ್ಲೇ ಸ್ನೇಹಾಳ ಪಾತ್ರ ಮಾಡುತ್ತಿದ್ದ ಸಂಜನಾ ಬುರ್ಲಿ 2024ರಲ್ಲಿ ಹೊರಬಂದಾಗ ಪಾತ್ರವನ್ನೇ ಸಾಯಿಸಿದರು. ಜಿಲ್ಲಾಧಿಕಾರಿಯಾಗುವ ಮಗಳನ್ನು ವರ್ಷಗಟ್ಟಲೆ ಬೆಳೆಸಿದ ಪ್ರೇಕ್ಷಕರು ಸಿಟ್ಟಾದರು, ಸಿಟ್ಟಾಗುವುದು ನ್ಯಾಯವೇ. ಹುಡುಗಿ ಓದಿ ದೊಡ್ಡವಳಾಗುತ್ತಾಳೆ ಅನ್ನುವ ಭರವಸೆಯ ಮೇಲೆ ನಿಂತ ಕತೆಗೆ ಅದು ದೊಡ್ಡ ಪೆಟ್ಟು.

ಆಗ ಧಾರಾವಾಹಿಯನ್ನು ಹೊತ್ತು ನಡೆದದ್ದು ಪುಟ್ಟಕ್ಕನ ಮುಖ. ಟಿವಿಗೆ ತನ್ನದೇ ಅಭ್ಯಾಸಗಳಿವೆ: ಒಂದು ಆಘಾತದ ಸುದ್ದಿಗೆ ಮನೆಯಲ್ಲಿ ನಿಂತ ಎಂಟು ಜನರ ಮುಖಕ್ಕೂ ಕ್ಯಾಮೆರಾ ಹೋಗಬೇಕು, ಹಿನ್ನೆಲೆಯಲ್ಲಿ ಗುಡುಗಬೇಕು, ಒಂದೇ ನೋಟ ಮೂರು ಸಲ ಬರಬೇಕು. ಈ ಗದ್ದಲದಲ್ಲಿ ಉಳಿದ ಏಳು ಮುಖಗಳು ಸುದ್ದಿ ಕೇಳಿದ್ದನ್ನು ತೋರಿಸುತ್ತವೆ. ಉಮಾಶ್ರೀ ಅವರ ಮುಖ ಮಾತ್ರ ಅದನ್ನು ಇನ್ನೂ ಕೇಳಿಸಿಕೊಳ್ಳುತ್ತಿರುತ್ತದೆ. ಕಣ್ಣು ತುಂಬುವುದಕ್ಕೆ ಮುಂಚೆ ತುಟಿ ಒಣಗುತ್ತದೆ. ಸೆರಗಿನ ತುದಿಗೆ ಕೈ ಹೋಗುತ್ತದೆ, ಈ ಸಲ ಒರೆಸಿಕೊಳ್ಳಲು. ಅಷ್ಟು ಜೋರು ಹಿನ್ನೆಲೆ ಸಂಗೀತ ಹಾಕುವವರಿಗೆ ತಮ್ಮ ನಟಿಯ ಮೇಲೆ ನಂಬಿಕೆ ಇಲ್ಲವೇ ಎಂದು ನನಗೆ ಎಷ್ಟೋ ಸಂಜೆ ಅನ್ನಿಸಿದೆ.

ಗುಲಾಬಿಯೇ ಪುಟ್ಟಕ್ಕನಾದಳು ಅನ್ನುವ ಮಾತು ಕೇಳಲು ಚೆನ್ನಾಗಿದೆ, ನಾನು ಅಲ್ಲಿಯವರೆಗೆ ಹೋಗುವುದಿಲ್ಲ. ಗುಲಾಬಿಯ ಲೋಕದಲ್ಲಿ ಟಿವಿ ಕನಸನ್ನೂ ವಿಷವನ್ನೂ ಒಟ್ಟಿಗೇ ಉಣಿಸಿತು. ಪುಟ್ಟಕ್ಕನ ಲೋಕದಲ್ಲಿ ಎಲ್ಲ ಗಾಯಕ್ಕೂ ಮುಂದಿನ ವಾರ ಮುಲಾಮು ಇರುತ್ತದೆ. ಗಂಡ ಬಿಟ್ಟುಹೋದ ಹೆಂಗಸು ಇಬ್ಬರೂ ಹೌದು. ಒಬ್ಬಳನ್ನು ಊರು ಹೊರಗೆ ಹಾಕಿತು, ಇನ್ನೊಬ್ಬಳನ್ನು ನಾಡು ಒಳಗೆ ಕರೆದು ಕೂರಿಸಿಕೊಂಡಿತು. ಒಂದೇ ನಟಿ ಎರಡನ್ನೂ ಮಾಡಿದ್ದರಿಂದ ಆ ಅಂತರ ನಮಗೆ ಚೆನ್ನಾಗಿ ಕಾಣುತ್ತದೆ. ‘ಗುಲಾಬಿ ಟಾಕೀಸ್’ ನೋಡಿದವರಿಗಿಂತ ಎಷ್ಟೋ ಪಾಲು ಹೆಚ್ಚು ಜನ ಪುಟ್ಟಕ್ಕನನ್ನು ನೋಡಿದ್ದಾರೆ. ಅವರಲ್ಲಿ ನೂರಕ್ಕೆ ಒಬ್ಬರು ಆ ಹಳೆಯ ಚಿತ್ರ ಹುಡುಕಿ ನೋಡಿದರೂ ಲಾಭವೇ.

ಧಾರಾವಾಹಿ ನಡೆಯುತ್ತಿದ್ದ ಕಾಲದಲ್ಲೇ ಅವರು ರಂಗಕ್ಕೂ ಮರಳಿದರು. ಬೇಲೂರು ರಘುನಂದನ್ ಬರೆದು ಚಿದಂಬರರಾವ್ ಜಂಬೆ ನಿರ್ದೇಶಿಸಿದ ‘ಶರ್ಮಿಷ್ಠೆ’ ಏಕವ್ಯಕ್ತಿ ನಾಟಕ. ಏಕವ್ಯಕ್ತಿಯಲ್ಲಿ ಕಟ್ ಇಲ್ಲ, ಪ್ರಾಂಪ್ಟ್ ಇಲ್ಲ, ಮಾತು ಮರೆತರೆ ಎತ್ತಿಕೊಡುವ ಜೊತೆಗಾರರೂ ಇಲ್ಲ. ಆ ವಯಸ್ಸಿನಲ್ಲಿ ಅದನ್ನು ಮೈಮೇಲೆ ಎಳೆದುಕೊಳ್ಳಬೇಕಾದ ದರ್ದು ಅವರಿಗೆ ಇರಲಿಲ್ಲ.

ಆಮೇಲೆ ಯಕ್ಷಗಾನ. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳದ ಆಟದಲ್ಲಿ ಅವರು ಮಂಥರೆಯಾಗಿ ರಂಗಸ್ಥಳಕ್ಕೆ ಬಂದರು. ಮೇಳಗಳಲ್ಲಿ ಹೆಣ್ಣುಪಾತ್ರವೆಂದರೆ ಗಂಡಸರು ಕಟ್ಟುವ ಸ್ತ್ರೀವೇಷ. ಅದರಲ್ಲಿ ಪಳಗಿದ ಕಲಾವಿದರ ನಡುವೆ, ಭಾಗವತರ ಪದಕ್ಕೆ, ಮದ್ದಳೆ ಚೆಂಡೆಯ ಪೆಟ್ಟಿಗೆ ಹೆಜ್ಜೆ ಹಾಕಬೇಕು. ಅರ್ಥಗಾರಿಕೆಯಲ್ಲಿ ಎದುರಾಳಿ ಯಾವ ಪ್ರಶ್ನೆ ಎಸೆಯುತ್ತಾನೋ ಗೊತ್ತಿರುವುದಿಲ್ಲ. ಉತ್ತರ ಕನ್ನಡದ ಪ್ರೇಕ್ಷಕರು ಟಿವಿಯ ಹೆಸರಿಗೆ ರಿಯಾಯಿತಿ ಕೊಡುವವರಲ್ಲ, ಹೆಜ್ಜೆ ತಪ್ಪಿದರೆ ಮರುದಿನ ಚಹಾದಂಗಡಿಯಲ್ಲಿ ಅದೇ ಮಾತು. ಸಿನಿಮಾದ ಹೆಸರು ಹೊತ್ತು ಬಂದವರು ಇಂಥ ಕಡೆ ಕೈಕೇಯಿ ಕೇಳಬಹುದು, ಸೀತೆ ಕೇಳಬಹುದು. 67ರ ಉಮಾಶ್ರೀ ಕಟ್ಟಿಕೊಂಡದ್ದು ಗೂನುಬೆನ್ನಿನ ದಾಸಿಯ ವೇಷ, ರಾಮಾಯಣದಲ್ಲಿ ಸ್ವಲ್ಪವೇ ಹೊತ್ತು ಕಾಣಿಸಿಕೊಂಡು ಇಡೀ ಕತೆಯನ್ನು ತಿರುಗಿಸಿ ಹೋಗುವವಳದು.